ಎಣಿಕೆ ಮುಗಿಯುವ ಮೊದಲೇ ಹೋದ ಅಭಿನಂದನೆ

ಮಾರ್ಚ್ 9, 2025, ಭಾನುವಾರ. ಸಂಜೆ ಆರೂವರೆಗೆ ಬರೆಯಲು ಕುಳಿತೆ.

ಮಧ್ಯಾಹ್ನ ಎಲ್‌ಆರ್‌ಟಿ ರೈಲಿನಲ್ಲಿ ಪಕ್ಕದ ಸೀಟಿನ ಅಜ್ಜ ಹಣೆಗೆ ನೋವಿನ ಮುಲಾಮು ಹಚ್ಚಿಕೊಂಡರು. ಆ ವಾಸನೆಗೆ, ಸದಾ ಅದನ್ನೇ ಹಚ್ಚಿಕೊಳ್ಳುತ್ತಿದ್ದ ನಮ್ಮ ಎದುರು ಮನೆಯ ಮೇಷ್ಟ್ರು ನೆನಪಾದರು…

2020ರಲ್ಲಿ ನಾವು ಮಲೇಷ್ಯಾದ ಪೆಟಾಲಿಂಗ್ ಜಯಾದ ಫ್ಲ್ಯಾಟಿನಲ್ಲಿದ್ದೆವು. ಕೊರೊನಾದಿಂದ ನಿಲಾಯ್ ಪಟ್ಟಣದ ನನ್ನ ಕಾಲೇಜು ಮುಚ್ಚಿ, ಪಾಠವೆಲ್ಲ ಆನ್‌ಲೈನ್ ಆಗಿತ್ತು. ಮೇಷ್ಟ್ರು ಮಂಡ್ಯದ ಕಡೆಯ ನಿವೃತ್ತ ಹೈಸ್ಕೂಲು ಶಿಕ್ಷಕರು. ಮಗನನ್ನು ನೋಡಲು ಬಂದವರು ಗಡಿ ಮುಚ್ಚಿದ್ದರಿಂದ ಇಲ್ಲೇ ಉಳಿದುಬಿಟ್ಟಿದ್ದರು. ಒಳಗೆ ಮಗನ ಮೀಟಿಂಗು ನಡೆಯುವಾಗ ಅವರು ಮಾಸ್ಕ್ ಹಾಕಿಕೊಂಡು ಕಾರಿಡಾರಿನಲ್ಲಿ ಕೂರುತ್ತಿದ್ದರು. ಈಚೆ ನಮ್ಮ ಬಾಗಿಲಲ್ಲಿ ನಾನು.

ಅವರ ಮಗಳು ಕೆನಡಾದ ಪಶ್ಚಿಮ ತೀರದ ಪ್ರಾಂತ್ಯದಲ್ಲಿ ವಿಧಾನಸಭೆ ಚುನಾವಣೆಗೆ ನಿಂತಿದ್ದಳು. ಅವಳನ್ನು ನಾನು ನೋಡದೆಯೇ ಅಕ್ಕ ಎನ್ನುತ್ತಿದ್ದೆ. ಹಿಂದೊಮ್ಮೆ ಅವಳು ನಿಂತಾಗ ಮೇಷ್ಟ್ರು, "ಠೇವಣಿ ಉಳಿಸ್ಕೊಂಡ್ರೆ ಸಾಕು" ಎಂದು ನೆಂಟರೆದುರು ನಕ್ಕಿದ್ದರಂತೆ. ಅಕ್ಕ ಸೋತಳು, ಅಪ್ಪನೊಡನೆ ಮಾತು ಬಿಟ್ಟಳು. ಈ ಸಲ ಗೆದ್ದರೆ ಎಲ್ಲರಿಗಿಂತ ಮೊದಲು ತಾವೇ ಫೋನ್ ಮಾಡಬೇಕು, ನಿಂತ ಮಾತು ಶುರುವಾಗಬೇಕು ಎಂದು ಅವರು ಕಾದಿದ್ದರು.

ಅಕ್ಟೋಬರಿನ ಆ ಭಾನುವಾರ ಬೆಳಿಗ್ಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆವು. ಮೂವರು ಅಭ್ಯರ್ಥಿಗಳು. ಮೂರು ಕಾಲಂ ಹಾಕಿ ನಾನು ಮತ ಬರೆದುಕೊಳ್ಳುತ್ತಾ ಹೋದೆ. ಊಟದ ಹೊತ್ತಿಗೆ ಮತಗಟ್ಟೆಗಳ ಎಣಿಕೆ ಮುಗಿಯಿತು. ಅಕ್ಕ ತುಸು ಮುಂದಿದ್ದಳು.

"ಅಂಚೆ ಮತ ಬಾಕಿ ಅಂತ ಇದೆ ಮೇಷ್ಟ್ರೇ," ಎಂದೆ.

"ಅದನ್ನ ಮೊದ್ಲೇ ಎಣಿಸಿರ್ತಾರೆ ಪುಟ್ಟಿ. ಎಷ್ಟು ಎಲೆಕ್ಷನ್ ಡ್ಯೂಟಿ ಮಾಡಿದೀನಿ, ನಂಗೇ ಹೇಳ್ಕೊಡ್ತೀಯಾ?"

ಭಾರತದ ಎಣಿಕೆಯಲ್ಲಿ ಅದು ನಿಜ. ಅಕ್ಕನ ಪ್ರಾಂತ್ಯದಲ್ಲಿ ಅಂಚೆ ಮತ ಕೊನೆಗೆ. ಆ ವರ್ಷ ಸೋಂಕಿನ ಭಯಕ್ಕೆ ಬಹಳ ಜನ ಅಂಚೆಯಲ್ಲೇ ಮತ ಹಾಕಿದ್ದರು.

ಮೇಷ್ಟ್ರು ಫೋನ್ ಮಾಡಿದರು. ಅವಳು ಎತ್ತಿದಳು. "ಎಂಎಲ್‌ಎ ಮೇಡಂ, ನಮಸ್ಕಾರ!" ಎಂದರು. ಅಕ್ಕ ನಕ್ಕಿದ್ದು ನನಗೂ ಕೇಳಿಸಿತು.

"ಅಪ್ಪಾ, ಇನ್ನೂ ಮುಗ್ದಿಲ್ಲ. ಯಾರಿಗೂ ಹೇಳ್ಬೇಡಿ."

"ದೃಷ್ಟಿ ಆಗುತ್ತೆ ಅಂತ ಹೆದರ್ತಾಳೆ," ಎಂದು ಫೋನಿಟ್ಟವರೇ ನೆಂಟರ ವಾಟ್ಸಾಪ್ ಗುಂಪಿಗೆ ಅವಳ ಫೋಟೊ ಕಳಿಸಿದರು. ಕೆಳಗೆ, 'ನೂತನ ಶಾಸಕಿಗೆ ಅಭಿನಂದನೆಗಳು.'

ಎರಡು ವಾರದ ಮೇಲೆ ಅಂಚೆ ಮತ ಎಣಿಸಿದರು. ಅಕ್ಕ ಸೋತಳು. "ಮಾಜಿ ಶಾಸಕಿಗೆ ಜೈ! ಈ ಸಲ ಠೇವಣಿ ಬಂತಾ ಮಾವ?" ಎಂದು ಸೋದರಳಿಯನೊಬ್ಬ ಗುಂಪಿನಲ್ಲಿ ಬರೆದ. ಅವಳು ಗುಂಪು ಬಿಟ್ಟು ಹೋದಳು.

ಅಲ್ಲಿಂದ ಮೇಷ್ಟ್ರು ದಿನವೂ ಫೋನ್ ಮಾಡುತ್ತಿದ್ದರು. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. "ಈ ಸಲ ಆಡ್ಕೊಂಡಿದ್ದಲ್ಲ ಪುಟ್ಟಿ, ಸಂತೋಷಕ್ಕೆ ಹಾಕಿದ್ದು… ಅದನ್ನ ಅವಳಿಗೆ ಹ್ಯಾಗೆ ಹೇಳ್ಲಿ?" ನನ್ನ ಫೋನಿನಿಂದಲೂ ಮಾಡಿ ನೋಡಿದೆವು. ಅವಳು ಎತ್ತಲಿಲ್ಲ. ಸೋಂಕಿನ ಭಯಕ್ಕೆ ಹತ್ತಿರ ಹೋಗಿ ಕೂರುವ ಹಾಗಿರಲಿಲ್ಲ.

ವರ್ಷದ ಕೊನೆಗೆ ವಿಶೇಷ ವಿಮಾನದಲ್ಲಿ ಅವರಿಗೆ ಸೀಟು ಸಿಕ್ಕಿತು. ಲಿಫ್ಟಿನ ಬಾಗಿಲು ಮುಚ್ಚುವಾಗಲೂ ಫೋನು ಕಿವಿಯಲ್ಲೇ ಇತ್ತು. ಮರುವರ್ಷದ ಎರಡನೇ ಅಲೆಯಲ್ಲಿ ಹೋದರೆಂದು ಯಾರೋ ನಮ್ಮಪ್ಪನಿಗೆ ಹೇಳಿದರು. ಅವರ ಮಗ ಅಷ್ಟರಲ್ಲಿ ಫ್ಲ್ಯಾಟು ಬಿಟ್ಟಿದ್ದರು, ನಂಬರೂ ಬದಲಾಗಿತ್ತು…

ಅವರು ಈಗಿಲ್ಲ. ಕೊನೆಗಾದರೂ ಅಕ್ಕ ಫೋನ್ ಎತ್ತಿದಳೇ, ಅವರು ಹೇಳಬೇಕಾದ್ದನ್ನು ಹೇಳಿದರೇ, ನನಗೆ ಗೊತ್ತಿಲ್ಲ. ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ.