ಷಟರ್ ಎಳೆದಿದ್ದ ಶನಿವಾರ

ಕಳೆದ ಸೆಪ್ಟೆಂಬರ್‌ನ ಒಂದು ಶನಿವಾರ ಸಂಜೆ ಪೀಣ್ಯ ಎರಡನೇ ಹಂತದ ಹಳೆಯ ಬಾರೊಂದರ ಮುಂದೆ ನಾವು ಮೂವರು ನಿಂತಿದ್ದೆವು. ಷಟರ್ ಎಳೆದಿತ್ತು.

ಮೂವರೂ ಒಂದೇ ಪತ್ರಿಕೆಯವರು. ನಾನು ನಗರ ಪುಟ ನೋಡಿಕೊಳ್ಳುತ್ತೇನೆ. ಇನ್ನೊಬ್ಬ ಕ್ರೀಡಾ ಪುಟದವನು, ಮನೆ ಜಾಲಹಳ್ಳಿಯಲ್ಲಿ. ಮೂರನೆಯವನು ಗದಗದವನು, ಪೀಣ್ಯದಲ್ಲಿರುವ ನಮ್ಮ ಮುದ್ರಣಾಲಯದ ಮೇಲ್ವಿಚಾರಕ. ಅವನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಹಾರ, ಶಾಲು ಏನೂ ಬೇಡ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೋಗುತ್ತಿದ್ದ ಬಾರುಗಳಿಗೆ ಇನ್ನೊಂದು ಸುತ್ತು ಕರೆದುಕೊಂಡು ಹೋಗಿ ಎಂದು ಅವನೇ ಕೇಳಿದ್ದ.

ಎಲ್ಲಿಂದ ಶುರು ಮಾಡಬೇಕು ಎನ್ನುವುದಕ್ಕೇ ವಾರ ಹಿಡಿಯಿತು. ಪೀಣ್ಯದ ಬಾರಿನಲ್ಲಿ ಲೇತ್ ಕೆಲಸದವರು ಸಮವಸ್ತ್ರದಲ್ಲೇ ಬಂದು ಕಟ್ಟೆಗೆ ಮೊಣಕೈ ಊರಿ ನಿಂತು ಕುಡಿಯುತ್ತಾರೆ. ಕೇಳುವ ಮೊದಲೇ ಬೇಯಿಸಿದ ಕಡಲೆಕಾಯಿ ಬರುತ್ತದೆ. ದಾಸರಹಳ್ಳಿಯ ಬಾರಿನ ಮಾಲೀಕ ಹಳೆಯ ಚಿತ್ರಗೀತೆ ಬಿಟ್ಟು ಬೇರೇನೂ ಹಾಕುವುದಿಲ್ಲ. ಬದಲಿಸಿ ಎಂದವರ ಮುಂದೆ ಬಿಲ್ ತಂದಿಡುತ್ತಾನೆ. ಜಾಲಹಳ್ಳಿ ಕ್ರಾಸ್ ಹತ್ತಿರದ್ದರಲ್ಲಿ ಕಾರ್ಖಾನೆಗಳಿಂದ ನಿವೃತ್ತರಾದವರಿಗೆ ಒಬ್ಬೊಬ್ಬರಿಗೂ ಅವರದೇ ಕುರ್ಚಿ ಇದೆ. ಗೊತ್ತಿಲ್ಲದೆ ಕೂತವರನ್ನು ಸಪ್ಲೈಯರ್ ನಯವಾಗಿ ಎಬ್ಬಿಸುತ್ತಾನೆ.

ಯಾವ ದಾರಿ ಹೇಳಿದರೂ ಕ್ರೀಡಾ ಪುಟದವನು ತಕರಾರು ತೆಗೆಯುತ್ತಿದ್ದ. ಒಂದು ದೂರ, ಇನ್ನೊಂದರಲ್ಲಿ ಸೆಕೆ. ಕಾರಣ ನನಗೆ ಗೊತ್ತಿತ್ತು. ಆ ವರ್ಷದ ಜನವರಿಯಲ್ಲಿ ವೈದ್ಯರನ್ನು ಕಂಡು ಬಂದ ಮೇಲೆ ಅವನು ಕುಡಿಯುವುದನ್ನು ಬಿಟ್ಟಿದ್ದ. ಹೆಂಡತಿಗೂ ನನಗೂ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ನಮ್ಮಲ್ಲೊಂದು ರೂಢಿಯಿದೆ: ಬೀಳ್ಕೊಡುಗೆಯ ದಿನ ಎಲ್ಲರ ಮೊದಲ ಲೋಟವನ್ನೂ ಹೋಗುವವನೇ ಸುರಿಯುತ್ತಾನೆ. ಅದನ್ನು ಬೇಡ ಎಂದವರನ್ನು ನಾನು ಕಂಡಿಲ್ಲ.

ಬುಧವಾರ ಕ್ರೀಡಾ ಪುಟದವನ ಹೆಂಡತಿ ನನಗೆ ಫೋನ್ ಮಾಡಿದರು.

“ಅಣ್ಣ, ಒಂದ್ಸಲ ಶುರುವಾದ್ರೆ ಅವ್ರಿಗೆ ನಿಲ್ಸೋಕಾಗಲ್ಲ. ನೀವೇ ಏನಾದ್ರೂ ಹೇಳಿ ತಪ್ಸಿ.”

ಅವನನ್ನು ಕೇಳಿದೆ. “ನಾನೇ ಹೇಳ್ತೀನಿ ಕಣೋ, ನೀನು ಬಾಯಿ ಬಿಡ್ಬೇಡ” ಎಂದ. ಶನಿವಾರದವರೆಗೂ ಹೇಳಲಿಲ್ಲ. ಆ ಸಂಜೆ ಹೆಂಡತಿ ಶರ್ಟ್ ಇಸ್ತ್ರಿ ಮಾಡಿ ಕೊಟ್ಟು, ನಗುನಗುತ್ತಾ ಕಳಿಸಿದಳು ಎಂದು ಬಸ್ ಇಳಿದವನೇ ನನ್ನ ಕಿವಿಯಲ್ಲಿ ಹೇಳಿದ. ಅವನಿಗೆ ಅದು ಅರ್ಥವಾಗಿರಲಿಲ್ಲ. ನನಗೂ ಆಗಲಿಲ್ಲ.

ಷಟರ್ ಮೇಲೆ ಒಂದು ಹಾಳೆ ಅಂಟಿಸಿದ್ದರು. ಗಣೇಶ ವಿಸರ್ಜನೆಯ ಮೆರವಣಿಗೆ, ಪೊಲೀಸರ ಆದೇಶದಂತೆ ಇಂದು ರಜೆ. ಮುಖ್ಯರಸ್ತೆಯ ಕಡೆಯಿಂದ ತಮಟೆ ಕೇಳಿಸುತ್ತಿತ್ತು.

ಆದೇಶದ ಸುದ್ದಿ ಅಂದಿನ ನಮ್ಮ ಪತ್ರಿಕೆಯಲ್ಲೇ ಇತ್ತು. ಹಿಂದಿನ ದಿನ ಅದನ್ನು ತಿದ್ದಿದವನು ನಾನು. ಅಂಕಣಕ್ಕೆ ಹೆಚ್ಚಾಯಿತೆಂದು ಮೂರು ಸಾಲು ಕತ್ತರಿಸಿದ್ದೆ, ಠಾಣೆಗಳ ಹೆಸರಿನಲ್ಲಿ ಕಾಗುಣಿತ ನೋಡಿದ್ದೆ. ಪೀಣ್ಯ, ಜಾಲಹಳ್ಳಿ ಎರಡೂ ಇದ್ದವು. ಗದಗದವನ ಯಂತ್ರದಿಂದ ಪ್ರತಿಗಳು ಹೊರಬಿದ್ದಿದ್ದವು. ಅವನು ನೋಡುವುದು ಶಾಯಿಯನ್ನು. ಕ್ರೀಡಾ ಪುಟದವನು ಪತ್ರಿಕೆಯನ್ನು ಹಿಂದಿನಿಂದ ತೆರೆಯುತ್ತಾನೆ, ನಗರ ಪುಟದವರೆಗೆ ಬರುವುದಿಲ್ಲ.

“ನೀನ ಹಾಕಿದ ಸುದ್ದಿ, ನಾನ ಅಚ್ಚು ಮಾಡಿದ ಪೇಪರು,” ಎಂದ ಗದಗದವನು. “ಮೂರೂ ಮಂದಿಗೆ ನಾಚಿಕಿ ಬರಬೇಕಲೇ!”

ಕ್ರೀಡಾ ಪುಟದವನು ಆ ವಾರದಲ್ಲಿ ಮೊದಲ ಸಲ ನಕ್ಕ. ಹೆಂಡತಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

“ಬಾರ್ ಬಾಗ್ಲು ಹಾಕಿದೆ ಕಣೇ.”

“ಗೊತ್ತು. ಬೆಳಗ್ಗೆನೇ ಪೇಪರಲ್ಲಿ ಓದ್ದೆ. ಇಲ್ದಿದ್ರೆ ಶರ್ಟ್‌ಗೆ ಇಸ್ತ್ರಿ ಯಾರು ಹಾಕ್ತಿದ್ರು? ಅಣ್ಣ ಅಲ್ಲೇ ಇದಾರಾ? ಅಣ್ಣ, ನಿಮ್ಮ ಪೇಪರ್ ಓದೋದು ನಾನೊಬ್ಳೇ ಅನ್ಸತ್ತೆ!”

ಗದಗದವನು ಬಿಡುವವನಲ್ಲ. “ಅಕ್ಕಾರ, ಬಂದ್ ಇರೂದು ಈ ಠಾಣೆಗಳಾಗ ಅಷ್ಟ. ಲೇ, ಆಟೊ ಹತ್ತರಿ. ಯಶವಂತಪುರ ದಾಟಿದ್ರ ಎಲ್ಲಾ ತೆರದಿರ್ತಾವ.”

ಫೋನ್ ಇನ್ನೂ ಕಟ್ಟಾಗಿರಲಿಲ್ಲ. ಆ ಕಡೆಯ ನಗು ನಿಂತಿತು. ಗದಗದವನು ಆಗಲೇ ಒಂದು ಆಟೊಗೆ ಕೈ ಅಡ್ಡ ಹಿಡಿದಿದ್ದ.

“ಗುರು, ನಿಲ್ಲು,” ಎಂದ ಕ್ರೀಡಾ ಪುಟದವನು. “ನಾನು ಬಿಟ್ಟಿದೀನಿ. ಜನವರಿಯಿಂದ. ನೀನು ಸುರಿದ್ರೆ ಬೇಡ ಅನ್ನೋಕೆ ನನ್ನ ಕೈಲಾಗಲ್ಲ. ಅದಕ್ಕೇ ಹೇಳೋಕಾಗ್ಲಿಲ್ಲ.”

ಗದಗದವನು ಆಟೊದವನಿಗೆ ಹೋಗು ಎಂದು ಸನ್ನೆ ಮಾಡಿ ತಿರುಗಿದ. “ಜನವರಿಯಿಂದ? ಇವನ ಮಾರಿ ಯಾಕ ಇಷ್ಟು ಬೆಳ್ಳಗ ಆಗೇತಿ ಅಂತ ನಾನೂ ವಿಚಾರ ಮಾಡಾಕತ್ತಿದ್ನಿ. ಮದ್ಲ ಹೇಳಾಕ ಏನಾಗಿತ್ತಲೇ ನಿನಗ? ವಾರಪೂರ್ತಿ ಮ್ಯಾಪ್ ನೋಡಿ ನನ್ನ ಕಣ್ಣು ಹೋದ್ವು. ನಡೀರಿ, ಎಲ್ಲ್ಯಾರ ಉಣ್ಣೂಣು.”

ನಾನು ಬಾರಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

“ಎಲ್ಲೂ ಹೋಗ್ಬೇಡಿ, ಇಲ್ಲಿಗೇ ಬನ್ನಿ,” ಎಂದಿತು ಫೋನ್. “ಕೋಳಿ ಸಾರು ಆಗಿದೆ. ಮುದ್ದೆಗೆ ಎಸರಿಡ್ತೀನಿ.”

ಮೆರವಣಿಗೆಯಿಂದಾಗಿ ಬಸ್ ಸಿಗಲಿಲ್ಲ. ಜಾಲಹಳ್ಳಿಯವರೆಗೆ ನಡೆದೇ ಹೋದೆವು. ಊಟಕ್ಕೆ ಕೂತಾಗ ಗದಗದವನು ಮುದ್ದೆಯನ್ನು ಅಗಿಯತೊಡಗಿದ.

“ನುಂಗ್ಬೇಕು ಅಣ್ಣ, ಅಗೀಬಾರ್ದು,” ಎಂದರು ಆಕೆ.

“ಅಕ್ಕಾರ, ರೊಟ್ಟಿ ತಿನ್ನೂ ಬಾಯಿ ಇದು. ಏನ ಕೊಟ್ರೂ ಅಗೀತೈತಿ.”

ಕ್ರೀಡಾ ಪುಟದವನು ಎರಡನೇ ಮುದ್ದೆ ಹಾಕಿಸಿಕೊಂಡ. ಆ ವಾರವೆಲ್ಲ ಅವನು ಕಚೇರಿಯಲ್ಲಿ ಡಬ್ಬಿ ತೆರೆದು ಹಾಗೇ ಮುಚ್ಚಿಡುತ್ತಿದ್ದುದನ್ನು ನಾನು ನೋಡಿದ್ದೆ.

ಮರುದಿನ ಗದಗದವನು ಹುಬ್ಬಳ್ಳಿಗೆ ಹೊರಟ. ಈ ಜನವರಿಯಲ್ಲಿ ರಜೆಯ ಮೇಲೆ ಬಂದಾಗ ಮೂವರೂ ಪೀಣ್ಯದ ಅದೇ ಬಾರಿಗೆ ಹೋದೆವು. ಬಾಗಿಲು ತೆರೆದಿತ್ತು. ಕಡಲೆಕಾಯಿ ಬಂತು. ಅಂದು ಸುರಿಯದೆ ಉಳಿದಿದ್ದ ಮೊದಲ ಲೋಟವನ್ನು ಗದಗದವನು ಕ್ರೀಡಾ ಪುಟದವನಿಗೆ ಸುರಿದ. ಉಪ್ಪು ಹಾಕಿದ ನಿಂಬೆ ಸೋಡಾ.