ಇಟಲಿಯ ಗ್ಯಾರೇಜಿನಲ್ಲಿ ಉಕ್ಕಿದ ಹಾಲು

ಮಗಳ ಕಾಲೇಜು ಅರ್ಜಿಯ ಪ್ರಬಂಧದಲ್ಲಿ ನಾನೂ ಇದ್ದೇನೆ ಎಂದು ನನಗೆ ಗೊತ್ತಾದದ್ದು ಅದನ್ನು ಕಳಿಸಬೇಕಾದ ದಿನ. ಶನಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಲ್ಯಾಪ್‌ಟಾಪು ತಂದು ನನ್ನ ಮುಂದಿಟ್ಟಳು. "ಅಪ್ಪ, ತಪ್ಪಿದ್ರೆ ಈಗಲೇ ಹೇಳು. ಐದು ಗಂಟೆಗೆ ಕೊನೆ." ಹೇಳಿದ್ದು ಇಂಗ್ಲಿಷಿನಲ್ಲಿ. ಅವಳ ಇಂಗ್ಲಿಷು ನನ್ನ ಕಿವಿಗೆ ಕನ್ನಡವಾಗಿಯೇ ಬೀಳುವುದರಿಂದ ಹಾಗೆಯೇ ಬರೆಯುತ್ತಿದ್ದೇನೆ.

ಪ್ರಬಂಧದಲ್ಲಿದ್ದದ್ದು ನನ್ನದೇ ಕತೆ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಇಟಲಿಯಲ್ಲಿ ಓದುತ್ತಿದ್ದ ಸಣ್ಣ ಊರಿನಲ್ಲಿ ಒಂದು ಹಳೆಯ ಕಾರ್ ರೇಸಿಂಗ್ ತಂಡವಿತ್ತು. ಟ್ರಾಕ್ಟರ್ ರಿಪೇರಿ ಅಂಗಡಿಯ ಹಿಂದಿನ ತಗಡಿನ ಶೆಡ್ಡೇ ಅವರ ಮನೆ. ಜಗತ್ತಿಡೀ ಓಡುವ ಕಾರುಗಳು ಅಲ್ಲೇ ತಯಾರಾಗುತ್ತಿದ್ದವು. ಒಂದು ದಿನ ತಂಡ ಆ ಶೆಡ್ಡು ಬಿಟ್ಟು ಊರಾಚೆ ಹೆದ್ದಾರಿಯ ಪಕ್ಕದ ಹೊಸ ಕಟ್ಟಡಕ್ಕೆ ಹೋಯಿತು. ನೋಡಲು ನಾವು ವಿದ್ಯಾರ್ಥಿಗಳೂ ಹೋಗಿದ್ದೆವು. ಹೊಸ ಬಾಗಿಲಿನಿಂದ ಮೊದಲು ಒಳಗೆ ಹೋದದ್ದು ಕಾರಲ್ಲ, ಎಂಜಿನ್ನೂ ಅಲ್ಲ. ಅವರಿಗೆ ಅಡುಗೆ ಮಾಡುತ್ತಿದ್ದ ಹೆಂಗಸು ಒಂದು ಒಲೆ ತಂದು ನೆಲದ ನಡುವೆ ಇಟ್ಟು ಹಾಲು ಕಾಯಿಸಿದಳು. ಹಾಲು ಉಕ್ಕಿ ಬಿಳಿಯ ನೆಲದ ಮೇಲೆ ಹರಿಯಿತು. ಮೆಕ್ಯಾನಿಕ್‌ಗಳು ಚಪ್ಪಾಳೆ ತಟ್ಟಿದರು. ನಮ್ಮ ಗೃಹಪ್ರವೇಶದ ಹಾಗೇ!

ಇದನ್ನು ನಾನು ಈಗ ನಾವಿರುವ ಸೀಮೆಯಲ್ಲಿ, ಕ್ಯುಪರ್ಟಿನೋದಿಂದ ಸ್ಯಾನ್ ರಮೋನ್‌ವರೆಗೆ ಗೆಳೆಯರು ಮನೆ ಕೊಂಡಾಗಲೆಲ್ಲ ಹೇಳಿದ್ದೇನೆ. ಮಗಳು ಇದರ ಮೇಲೆಯೇ ಇಡೀ ಪ್ರಬಂಧ ಕಟ್ಟಿದ್ದಳು.

"ಹೀಗೇ ಆಯ್ತು ತಾನೆ?"

"ಹೂಂ" ಎಂದೆ. ಅಂದ ಕೂಡಲೇ ಇರಿಸುಮುರಿಸಾಯಿತು. ಆ ತಂಡ ಮತ್ತೆ ಮನೆ ಬದಲಾಯಿಸುತ್ತಿದೆ, ಅರ್ಧ ಎಂಜಿನಿಯರುಗಳು ಬೇರೆ ದೇಶಕ್ಕೇ ಹೋಗುತ್ತಾರೆ ಎಂದು ಹಿಂದಿನ ವಾರ ಓದಿದ್ದೆ. ಜೊತೆಗೆ ನನ್ನ ಕಾಲದ ಆ ಹೆದ್ದಾರಿ ಪಕ್ಕದ ಕಟ್ಟಡದ ಒಂದು ಹಳೆಯ ಫೋಟೋ ಇತ್ತು. ಅದರಲ್ಲಿ ನೆಲ ಕಡುಬೂದು, ಬಿಳಿಯಲ್ಲ. ವಾಟ್ಸ್ಯಾಪಿನಲ್ಲಿ ಯಾರು ಏನು ಕಳಿಸಿದರೂ ಆಧಾರ ಎಲ್ಲಿ ಎಂದು ಕೇಳುವವನು ನಾನು. ಆ ಫೋಟೋ ನೋಡಿ ಯಾರಿಗೂ ಹೇಳದೆ ಫೋನು ಪಕ್ಕಕ್ಕಿಟ್ಟಿದ್ದೆ.

"ಒಂದು ನಿಮಿಷ" ಎಂದು ಮಗಳಿಗೆ ಹೇಳಿ, ಆಗ ನನ್ನ ರೂಮ್‌ಮೇಟ್ ಆಗಿದ್ದ ಉಡುಪಿಯ ಗೆಳೆಯನಿಗೆ ಫೋನ್ ಮಾಡಿದೆ. ಈಗ ಅವನೂ ಇಲ್ಲೇ, ಸ್ಯಾನ್ ರಮೋನ್‌ನಲ್ಲಿದ್ದಾನೆ. ಸ್ಪೀಕರಿಗೆ ಹಾಕಿ ಆ ದಿನದ ಹಾಲಿನ ವಿಷಯ ಕೇಳಿದೆ.

"ಹಾಲಾ? ಎಂಥ ಹಾಲು ಮಾರಾಯ? ಅದು ಕಾಫಿ. ಒಲೆ ಮೇಲಿಟ್ಟು ಮರೆತರು, ಉಕ್ಕಿ ಚೆಲ್ಲಿಹೋಯ್ತು. ಆ ಹೆಂಗಸು ಬೈದದ್ದು ನಂಗೆ ಈಗಲೂ ಬಾಯಿಪಾಠ. ಹೇಳ್ಲಾ?"

"ಬೇಡ, ಮಗಳಿದ್ದಾಳೆ."

"ಓ, ಹೇಗಿದ್ದಿ ಪುಟ್ಟಿ? ನಿನ್ನ ಅಪ್ಪ ಅಲ್ಲಿ ಇರಲೇ ಇಲ್ಲ, ಗೊತ್ತುಂಟಾ? ಅವನಿಗೆ ಪರೀಕ್ಷೆ. ಸಂಜೆ ನಾನು ರೂಮಿಗೆ ಬಂದು ಹೇಳಿದೆ. ಆಗ ಇವನೇ ಅಂದದ್ದು, ನಮ್ಮಲ್ಲಾದ್ರೆ ಹಾಲು ಉಕ್ಕಿಸ್ತಿದ್ವಿ ಅಂತ."

"ನಾನಿದ್ದೆ ಕಣೋ. ನೆಲ ಒರೆಸೋಕೆ ನನ್ನ ಕರ್ಚೀಫ್ ಕೊಟ್ಟೆ."

"ಕರ್ಚೀಫ್ ನಂದು!" ಎಂದ. "ಅಲ್ಲ, ನಿಲ್ಲು. ನಿಂದಾ? ನಾನು ಯಾವಾಗ ಕರ್ಚೀಫ್ ಇಟ್ಕೊಂಡಿದ್ದೆ? ಥತ್, ಈಗ ನಂಗೂ ಗಲಿಬಿಲಿ ಮಾಡಿದಿ ನೋಡು."

ಫೋನ್ ಇಟ್ಟ ಮೇಲೂ ನನಗೆ ಉಕ್ಕುವ ಹಾಲು ಕಾಣುತ್ತಲೇ ಇತ್ತು. ಸೀದ ವಾಸನೆಯೂ ಬರುತ್ತಿತ್ತು. ಆದರೆ ಯಾವ ಒಲೆ ಅದು? ನಮ್ಮ ಅಡುಗೆಮನೆಯ ನೆಲ ಬಿಳಿ. ಮಗಳ ಸ್ಕೂಲಿಗೋಸ್ಕರ ಅಪಾರ್ಟ್‌ಮೆಂಟು ಬಿಟ್ಟು ಈ ಮನೆಗೆ ಬಂದಾಗ ಹೆಂಡತಿ ಇಲ್ಲೇ ಹಾಲು ಉಕ್ಕಿಸಿದ್ದಳು. ಅದು ಕರೆಂಟ್ ಒಲೆಯ ಸುರುಳಿಯ ಕೆಳಗಿಳಿದು ವಾರಗಟ್ಟಲೆ ಸೀದು ನಾರಿತ್ತು. ಹಾಗಾದರೆ ನಾನು ಈ ಅಡುಗೆಮನೆಯನ್ನು ಇಟಲಿಗೆ ಸಾಗಿಸಿದೆನೇ? ಆದರೆ ಈ ಮನೆಗೆ ಬರುವ ಮೊದಲೂ ಆ ಕತೆ ಹೇಳಿದ್ದೆನಲ್ಲ. ಹೇಳಿದ್ದೆನೇ?

"ಅದನ್ನ ತೆಗೆದುಬಿಡು" ಎಂದೆ.

"ತೆಗೆದ್ರೆ ಇನ್ನೇನು ಉಳಿಯುತ್ತೆ? ಇಷ್ಟು ವರ್ಷ ಸುಳ್ಳು ಹೇಳ್ತಿದ್ಯಾ?"

"ಸುಳ್ಳಲ್ಲ."

"ಮತ್ತೇನು?"

ಅವಳು ಲ್ಯಾಪ್‌ಟಾಪು ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಚೆಲ್ಲಿದ ಪಾತ್ರೆಯ ದೆಸೆಯಿಂದ ಅವಳ ಅರ್ಜಿ ಕೆಡುತ್ತದೆಯೇ ಎಂದು ನಾನು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಓಡಾಡುತ್ತಿದ್ದೆ. "ಕೂತ್ಕೊಳ್ಳಿ, ತಲೆ ತಿರುಗುತ್ತೆ" ಎಂದಳು ಹೆಂಡತಿ.

ನಾಲ್ಕೂವರೆಗೆ ಮಗಳು ಹೊರಗೆ ಬಂದಳು. ಪ್ರಬಂಧ ಪೂರ್ತಿ ಬದಲಾಗಿತ್ತು. ಇಟಲಿ ಇಲ್ಲ, ರೇಸಿಂಗ್ ತಂಡ ಇಲ್ಲ. ನಾಲ್ಕು ವರ್ಷದ ಹುಡುಗಿ ಖಾಲಿ ಮನೆಯಲ್ಲಿ ಅಮ್ಮನ ಸೆರಗು ಹಿಡಿದು ನಿಂತಿದ್ದಾಳೆ. ಹಾಲು ಉಕ್ಕುತ್ತದೆ, ಅಮ್ಮ ಅಳುತ್ತಾಳೆ, ಅಪ್ಪ ಕಿಟಕಿ ತೆರೆಯಲು ಹೆಣಗುತ್ತಾನೆ. ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

"ಇದು ನಾನೇ ನೋಡಿದ್ದು. ಯಾರಿಗೂ ಫೋನ್ ಮಾಡೋದು ಬೇಡ" ಎಂದು ನೀರು ಕುಡಿಯಲು ಹೋದಳು.

ನನ್ನ ಹಿಂದೆ ನಿಂತು ಓದಿದ ಹೆಂಡತಿ ಮೆಲ್ಲಗೆ ಹೇಳಿದಳು: "ರೀ, ಅವತ್ತು ಇವಳು ಡೇಕೇರ್‌ನಲ್ಲಿದ್ಲು. ಮುಹೂರ್ತ ಸಿಕ್ಕಿದ್ದು ಬುಧವಾರ ಬೆಳಿಗ್ಗೆ ಹತ್ತಕ್ಕೆ. ನೀವೇ ಬಿಟ್ಟು ಬಂದ್ರಲ್ಲ."

ಬಿಟ್ಟು ಬಂದದ್ದು ನನಗೆ ನೆನಪಿಲ್ಲ. ಸೆರಗು ಹಿಡಿದು ನಿಂತ ಮಗು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಓದುವ ಮೊದಲೂ ಕಾಣುತ್ತಿತ್ತೋ ಇಲ್ಲವೋ, ತಿಳಿಯಲಿಲ್ಲ.

"ನೀವು ಹೇಳ್ತೀರೋ, ನಾನು ಹೇಳ್ಲೋ?"

ಮಗಳು ಬಂದು ಕೂತು ಬೆರಳನ್ನು ಲ್ಯಾಪ್‌ಟಾಪಿನ ಮೇಲಿಟ್ಟಿದ್ದಳು. ನಾನೇ ಹೇಳಿದೆ. ಅವಳು ನಮ್ಮಿಬ್ಬರನ್ನೂ ನೋಡಿದಳು.

"ನಾನು ಇರಲಿಲ್ಲ ಅನ್ನೋದು ಗ್ಯಾರಂಟಿನಾ?"

ಅವಳಮ್ಮ "ಹೌದು" ಎಂದಳು. ಅದೇ ಹೊತ್ತಿಗೆ ನಾನು "ಇಲ್ಲ" ಎಂದೆ. ಮಗಳು ಗಡಿಯಾರ ನೋಡಿ, ಅರ್ಜಿ ಕಳಿಸುವ ಬಟನ್ ಒತ್ತಿಬಿಟ್ಟಳು.