ಕಸೂಬಿಯ ಛಾವಣಿ ಹೊದಿಸಬೇಕಿದ್ದವರು

ಸ್ಟ್ರಾಟ್‌ಫರ್ಡ್‌ನಲ್ಲಿ ನಮ್ಮ ಕಟ್ಟಡದ ಹಿಂದಿನ ಹುಲ್ಲನ್ನು ಕೌನ್ಸಿಲ್‌ನವರು ಕತ್ತರಿಸಿ ಅಲ್ಲೇ ಬಿಟ್ಟುಹೋಗಿದ್ದರು. ಬಿಸಿಲಿಗೆ ಒಣಗಿದ ಅದರ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ಪಕ್ಕದ ಫ್ಲ್ಯಾಟಿನ ಅಂಕಲ್ ನೆನಪಾದರು...

ಅವರು ಉಗಾಂಡದವರು. ಅಲ್ಲಿನ ರಾಜಧಾನಿ ಕಂಪಾಲದ ಕಸೂಬಿಯಲ್ಲಿ ಬುಗಾಂಡ ಎಂಬ ಹಳೆಯ ರಾಜ್ಯದ ರಾಜರ ಸಮಾಧಿಗಳಿವೆ. ಅವುಗಳ ಮೇಲೆ ಗುಡ್ಡದಂಥ ಹುಲ್ಲಿನ ಛಾವಣಿ. ಅದನ್ನು ಹೊದಿಸುವ ಹಕ್ಕು ಅವರ ಕುಲದ್ದು. ಹರೆಯದಲ್ಲಿ ಅಪ್ಪನ ಜೊತೆ ಅದರ ಮೇಲೆ ಹತ್ತಿ ಕೆಲಸ ಮಾಡಿದ್ದರಂತೆ. ವಿಶ್ವ ಪರಂಪರೆಯ ತಾಣವೆಂದು ಕಾಪಾಡಿಕೊಂಡು ಬಂದಿದ್ದ ಆ ಕಟ್ಟಡ ಒಂದು ದಿನ ಬೆಂಕಿಗೆ ಸಿಕ್ಕಿ ಬೂದಿಯಾಯಿತು. ಆಗ ಅಂಕಲ್ ಇಲ್ಲಿ ಬಸ್ ಓಡಿಸುತ್ತಿದ್ದರು. ಸುದ್ದಿ ತಿಳಿದದ್ದೇ ಪ್ರಯಾಣಿಕರನ್ನು ಇಳಿಸಿ, ಸ್ಟಾಪಿನಲ್ಲೇ ಕೂತುಬಿಟ್ಟೆ ಎಂದಿದ್ದರು.

ಮತ್ತೆ ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆಯಿತು. ಹುಲ್ಲು ಹೊದಿಸಲು ಬಾ ಎಂದು ಕೊನೆಗೂ ಊರಲ್ಲಿದ್ದ ತಮ್ಮನಿಂದ ಕರೆ ಬಂದಾಗ ಅಂಕಲ್‌ಗೆ ಡಯಾಲಿಸಿಸ್ ನಡೆಯುತ್ತಿತ್ತು. ಆದರೂ ಸೂಟ್‌ಕೇಸ್ ತುಂಬಿದರು. ಅವರ ಮಗಳು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ಹೋದರೆ ಅಪ್ಪ ವಾಪಸ್ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಹೋಗಿ ಅನ್ನೋಕೂ ಆಗಲ್ಲ, ಬೇಡ ಅನ್ನೋಕೂ ಆಗಲ್ಲ ಕಣ್ರೀ," ಎಂದಳು ನನ್ನ ಹೆಂಡತಿ, ಕನ್ನಡದಲ್ಲಿ, ನನಗೆ ಮಾತ್ರ.

ಹೊರಡುವ ದಿನ ಬೆಳಿಗ್ಗೆ ಅಂಕಲ್ ತಾವೇ ಸೂಟ್‌ಕೇಸ್ ಬಿಚ್ಚಿದರು. "ರಾಜರಿಗೆ ನಮ್ಮ ಕುಲದವರು ಎಷ್ಟೋ ಜನ ಇದ್ದಾರೆ. ಮಗಳಿಗೆ ನಾನೊಬ್ಬನೇ," ಎಂದರು.

ಛಾವಣಿ ಮುಗಿದಾಗ ಅವರ ತಮ್ಮ ವಿಡಿಯೋ ಕಾಲ್ ಮಾಡಿದ. ಅಂಕಲ್ ನಮ್ಮನ್ನೂ ಕರೆದರು. ಹೊಸ ಹುಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ಒಳಗೂ ತೋರಿಸುತ್ತೇನೆಂದು ಅವನು ಬಾಗಿಲ ಕಡೆ ನಡೆದ.

"ಬೇಡ," ಎಂದರು ಅಂಕಲ್. "ರಾಜರ ಮುಂದೆ ಫೋನ್ ಹಿಡಿದು ಹೋಗಬಾರದು. ನೀನು ಹೋಗಿ ಬಾ. ನಾನು ಹೊರಗೇ ಇರ್ತೀನಿ."

ಅವನು ಫೋನನ್ನು ಅಂಗಳದಲ್ಲಿ ಎಲ್ಲೋ ಇಟ್ಟು ಹೋದ. ಪರದೆಯ ತುಂಬ ಬರೀ ಆಕಾಶ. ಅವನು ಮರಳಿ ಬರುವವರೆಗೂ ಅಂಕಲ್ ಅದನ್ನೇ ನೋಡುತ್ತ ಕೂತಿದ್ದರು...

ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಪಕ್ಕದ ಫ್ಲ್ಯಾಟಿಗೆ ಈಗ ಬೇರೆಯವರು ಬಂದಿದ್ದಾರೆ. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ, ಅಷ್ಟೇ. ಕಳೆದ ತಿಂಗಳು ಅಂಕಲ್‌ರ ಮಗಳು ಫೋನ್ ಮಾಡಿದ್ದಳು. ಕಸೂಬಿಗೆ ಹೋಗಿ, ಒಳಗೆ ಚಾಪೆಯ ಮೇಲೆ ಕೂತು ಬಂದಳಂತೆ.

"ಹೇಗಿತ್ತಮ್ಮ?" ಎಂದೆ.

"ತಂಪಾಗಿತ್ತು ಅಂಕಲ್. ಮನೆಗೆ ಹೋದ ತಕ್ಷಣ ಅಪ್ಪನಿಗೆ ಎಲ್ಲಾ ಹೇಳಬೇಕು ಅಂದುಕೊಂಡೆ..."